ಮೊಮ್ಮಗಳ ಪರವಾಗಿ ಕೊಟ್ಟ ಮಾತು

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಅಮೆರಿಕದ ಗಿಲ್‌ರಾಯ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಮೊಮ್ಮಗಳು ದೊಡ್ಡ ಸರ್ಕಾರಿ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ ಓದುತ್ತಿದ್ದಳು. ಅಲ್ಲಿ ಹಾಸ್ಟೆಲು ಮೊದಲ ವರ್ಷಕ್ಕೆ ಮಾತ್ರ. ಆಮೇಲೆ ಮಕ್ಕಳೇ ಜಾಗ ಹುಡುಕಿಕೊಳ್ಳಬೇಕು. ದಿನಾ ಮನೆಯಿಂದ ಓಡಾಡುವಷ್ಟು ಹತ್ತಿರವಲ್ಲ.

ಜಾಗ ಹುಡುಕಿದವಳು ನಾನೇ. ಲಿವರ್‌ಮೋರ್ ದೇವಸ್ಥಾನದಲ್ಲಿ ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಹಾಸನದ ಹೆಂಗಸು, ಕಾಲೇಜಿನ ಹತ್ತಿರವೇ ತನ್ನ ಮನೆ, ಒಂದು ರೂಮು ಖಾಲಿ ಇದೆ ಎಂದಳು.

"ಆದ್ರೆ ನಮ್ಮನೇಲಿ ಮಡಿ ಮೈಲಿಗೆ ನೋಡ್ತೀವಮ್ಮ. ತಿಂಗಳಲ್ಲಿ ಮೂರು ದಿನ ಹೊರಗಿರ್ಬೇಕು."

"ನಮ್ಮುಡ್ಗೀಗೆ ಅದೆಲ್ಲ ಹೇಳ್ಕೊಡ್ಬೇಕಾ? ಇರ್ತಾಳೆ ಬಿಡವ್ವ," ಎಂದೆ. ಹುಡುಗಿಯನ್ನು ಕೇಳಲಿಲ್ಲ.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಮಗಳ ಜೊತೆ, ಆ ಮನೆ ಸೇರಿದ್ದ ಅವಳನ್ನು ನೋಡಲು ಹೋದೆ. ಆ ಹೆಂಗಸು ಗ್ಯಾರೇಜಿನ ಕಡೆ ಕೈ ತೋರಿಸಿದಳು. ಬಟ್ಟೆ ಒಗೆಯುವ ಮಿಷನ್ನಿನ ಪಕ್ಕ ಚಾಪೆ. ಅದರ ಮೇಲೆ ದಪ್ಪ ಜಾಕೆಟ್ಟು ತೊಟ್ಟು ಕೂತಿದ್ದಳು ನನ್ನ ಮೊಮ್ಮಗಳು.

"ಬಾಯಿ ಬಿದ್ದೋಗಿತ್ತಾ ನಿಂಗೆ? ಹೇಳೋದಲ್ವಾ?"

"ಯು ಪ್ರಾಮಿಸ್ಡ್ ಹರ್, ಅಜ್ಜಿ. ನಾನಲ್ಲ."

ಹಿಂದಿನ ಪರೀಕ್ಷೆ ಇದೇ ಚಾಪೆಯ ಮೇಲೆ ಓದಿ ಕೆಟ್ಟಿತ್ತಂತೆ. ಮುಂದಿನ ವಾರ ಇನ್ನೊಂದು. ಅದೂ ಹೋದರೆ ಓದು ಬಿಟ್ಟು ಬರುತ್ತೇನೆ ಎಂದಳು. ಅವಳೇ ವಿಚಾರಿಸಿಟ್ಟಿದ್ದ, ವಿದ್ಯಾರ್ಥಿಗಳೇ ನಡೆಸುವ ಮನೆಯೊಂದರಲ್ಲಿ ಮಂಚ ಖಾಲಿ ಇತ್ತು. ಅಲ್ಲಿ ಅಡುಗೆ, ಕಸ, ಕಕ್ಕಸು ತೊಳೆಯುವುದು ಎಲ್ಲಾ ಸರದಿ ಮೇಲೆ. ಸಂಜೆಯೊಳಗೆ ಉತ್ತರ ಹೇಳಬೇಕಿತ್ತು.

"ಗಂಡ್ ಹುಡುಗ್ರೂ ಇರ್ತಾರೆ. ಒಂದೇ ಕಿಚನ್ನಲ್ಲಿ ದನದ ಮಾಂಸ ಬೇಯಿಸ್ತಾರೆ. ಬೇಡಮ್ಮ," ಎಂದಳು ಮಗಳು.

ನನ್ನ ಕಾಲದಲ್ಲಿ ನಾನೂ ಕೊಟ್ಟಿಗೆಯಲ್ಲಿ ಕೂತವಳೇ. ನನಗೆ ಯಾವ ಪರೀಕ್ಷೆಯೂ ಇರಲಿಲ್ಲ.

"ನೀನ್ ಸುಮ್ಕಿರು. ಕೆಡಿಸ್ದೋಳು ನಾನು," ಎಂದೆ. ಹುಡುಗಿ ಅಲ್ಲೇ ಫೋನಿನಲ್ಲಿ ಒಪ್ಪಿಗೆ ಕಳಿಸಿದಳು. ಅವಳನ್ನು ಗಿಲ್‌ರಾಯ್‌ಗೆ ಕರೆತಂದೆವು.

ಮಾರನೆಯ ಬೆಳಿಗ್ಗೆ ಅವಳನ್ನು ಕ್ಲಾಸಿಗೆ ಬಿಟ್ಟು ಆ ಹೆಂಗಸಿನ ಬಾಗಿಲು ತಟ್ಟಿದೆ. "ಮಾತು ಕೊಟ್ಟೋಳು ನಾನು, ತಪ್ಪೂ ನಂದೇ. ಅವ್ಳು ಇನ್ ಬರಲ್ಲ," ಎಂದೆ. ಮಗಳೂ ನಾನೂ ಬಟ್ಟೆಬರೆ ಕಾರಿಗೆ ತುಂಬಿ, ವಿದ್ಯಾರ್ಥಿಗಳ ಮನೆಯ ಮೂರನೇ ಮಹಡಿಗೆ ಹೊತ್ತೆವು. ನನಗೆ ಉಸಿರು ಕಟ್ಟಿತು. ಯಾವುದೋ ಹುಡುಗ ಅವರ ಅಡುಗೆಮನೆಯಿಂದ ನೀರು ತಂದುಕೊಟ್ಟ. ಯಾವ ಲೋಟ ಎಂದು ಕೇಳದೆ ಕುಡಿದೆ.