ಅಮ್ಮ ಮುಂದಕ್ಕೆ ಹಾಕಿದ ಸೂಜಿ

ಸಾಂಕ್ರಾಮಿಕದ ಆ ದಿನಗಳಲ್ಲಿ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲು ತೆರೆದರೆ ಮೊದಲು ಮೂಗಿಗೆ ಬಡಿಯುತ್ತಿದ್ದದ್ದು ಬ್ಲೀಚಿನ ವಾಸನೆ, ಅದರ ಬೆನ್ನಿಗೇ ಓಮ ಹಾಕಿದ ಬಿಸಿನೀರಿನ ಹಬೆ. ನಿಮ್ಮ ಮನೆಗಳೂ ಹಾಗೇ ಇದ್ದಿರಬೇಕು. ಗ್ರೋಸರಿಯಿಂದ ತಂದ ಹಾಲಿನ ಕ್ಯಾನನ್ನೂ ಅಮ್ಮ ಸೋಪು ಹಚ್ಚಿ ತೊಳೆಯುತ್ತಿದ್ದಳು. ಕೊತ್ತಂಬರಿ ಸೊಪ್ಪು ಉಪ್ಪುನೀರಿನಲ್ಲಿ ಅರ್ಧ ದಿನ ಮುಳುಗಿ ಘಮವನ್ನೇ ಕಳೆದುಕೊಳ್ಳುತ್ತಿತ್ತು. ಅಪ್ಪ ಸೇತುವೆ ದಾಟಿ ಫಾಸ್ಟರ್ ಸಿಟಿಯ ಒಂದು ಲ್ಯಾಬಿಗೆ ಫ್ರೀಜರ್ ರಿಪೇರಿಗೆ ಹೋಗುತ್ತಿದ್ದ. ಮನೆಯಲ್ಲಿ ಕೂತು ಮಾಡುವ ಕೆಲಸವಲ್ಲ. ವಾಪಸ್ಸು ಬಂದವನು ಯಾರನ್ನೂ ಮುಟ್ಟದೆ, ಕಳ್ಳನ ಹಾಗೆ ಬಚ್ಚಲಿಗೆ ಓಡಬೇಕಿತ್ತು. ರೋಗ ಬಂದರೆ ಅಪ್ಪನಿಂದಲೇ ಬರುವುದು ಎಂದು ನಾವೆಲ್ಲ ಹೆದರಿದ್ದೆವು. ನನ್ನ ಮೇಲೆ ಯಾರಿಗೂ ಅನುಮಾನವಿರಲಿಲ್ಲ.

ಎರಡನೇ ವರ್ಷ ಲಸಿಕೆ ಬಂತು. ಮೊದಲು ಹಾಕಿಸಿಕೊಂಡವಳು ನಮ್ಮೊಂದಿಗೇ ಇದ್ದ ಅಪ್ಪನ ತಾಯಿ, ಧಾರವಾಡದ ನಮ್ಮಜ್ಜಿ. "ಇರಿವಿ ಕಡದಂಗಾತು ನೋಡು, ಮತ್ತೇನಿಲ್ಲ" ಎಂದು ತೋಳು ಉಜ್ಜಿಕೊಂಡು ನಕ್ಕಳು. ಆಮೇಲೆ ಅಪ್ಪ, ಕೊನೆಗೆ ಹದಿಮೂರರ ನಾನು. ಅಮ್ಮ ಆಗ ಬಸುರಿ. ನನ್ನ ನಂತರದ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. ಹಾಗಾಗಿ ಊರಿನಿಂದ ಫೋನಿನಲ್ಲಿ ಯಾರ್ಯಾರೋ "ಬಸುರಿಯರು ಹಾಕಿಸ್ಕೋಬಾರ್ದಂತೆ" ಎಂದದ್ದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಧೈರ್ಯವಾಗಿ ಹಾಕಿಸಿಕೊಳ್ಳಿ, ತಾಯಿಗೂ ಮಗುವಿಗೂ ಒಳ್ಳೆಯದು ಎಂದು ಡಾಕ್ಟರು ಎರಡು ಸಲ ಹೇಳಿದರು. ಒಂದು ಶನಿವಾರ ಹೊರಟೂ ಆಯಿತು. ಫಾರ್ಮಸಿಯ ಪಾರ್ಕಿಂಗ್ ಲಾಟಿನಲ್ಲಿ ಅಮ್ಮ ಕಾರಿನಿಂದ ಇಳಿಯಲೇ ಇಲ್ಲ.

"ನಂಗೇನಾದ್ರೂ ಪರ್ವಾಗಿಲ್ಲ ರೀ. ಮಗೂಗೆ ಏನಾದ್ರೂ ಆದ್ರೆ? ಡೆಲಿವರಿ ಆಗ್ಲಿ, ಮಾರನೇ ದಿನಾನೇ ಹಾಕಿಸ್ಕೋತೀನಿ."

ಅಪ್ಪ ಕಾರು ಮನೆಯತ್ತ ತಿರುಗಿಸಿದ.

ಆಗಸ್ಟಿನಲ್ಲಿ ಶಾಲೆ ತೆರೆಯಿತು. ಊಟದ ಹೊತ್ತಿನಲ್ಲಿ ಒಬ್ಬಳೇ ದೂರ ಕೂರಬೇಕು, ತಿಂದ ತಕ್ಷಣ ಮಾಸ್ಕ್ ಹಾಕಬೇಕು ಎಂದು ಅಮ್ಮ ದಿನವೂ ಹೇಳಿ ಕಳಿಸುತ್ತಿದ್ದಳು. ಆದರೆ ಅಲ್ಲಿ ಸಾನಿಯಾ ಇದ್ದಳು. ಮೈಸೂರಿನವರ ಮಗಳು, ಒಂದೂವರೆ ವರ್ಷ ಬರೀ ಸ್ಕ್ರೀನಿನಲ್ಲಿ ಕಂಡ ಗೆಳತಿ. ಜಿಮ್ಮಿನ ಹಿಂದಿನ ಹುಲ್ಲಿನ ಮೇಲೆ ಅವಳು ಡಬ್ಬಿ ತೆರೆದಳು. ಈರುಳ್ಳಿ, ಮಾವಿನಕಾಯಿ, ಹಸಿ ಎಣ್ಣೆ ಕಲಸಿದ ಚುರುಮುರಿ. ಮೇಲೆ ಕಾಡ್ಗಿಚ್ಚಿನ ಹೊಗೆಗೆ ಕಿತ್ತಳೆ ಬಣ್ಣ ತಿರುಗಿದ ಸೂರ್ಯ.

"ಅಮ್ಮ ದೂರ ಕೂರು ಅಂದಿದಾಳೆ," ಎಂದೆ.

"ನಿಂಗೆ ಎರಡೂ ಡೋಸ್ ಆಗಿದೆ, ನಂಗೂ ಆಗಿದೆ. ವಾಟ್ ಕ್ಯಾನ್ ಹ್ಯಾಪನ್?"

ನಮಗಿಬ್ಬರಿಗೂ ಏನೂ ಆಗಲಿಕ್ಕಿಲ್ಲ ಎಂದೇ ನಾನೂ ಲೆಕ್ಕ ಹಾಕಿದೆ. ತಲೆಗೆ ತಲೆ ತಾಗಿಸಿ, ನಗುತ್ತ, ಒಂದೇ ಡಬ್ಬಿಯಿಂದ ತಿಂದೆವು.

ಮೂರನೇ ದಿನ ಗಂಟಲು ಕೆರೆಯಿತು.

"ಯಾಕೆ ಚಿನ್ನು, ಗಂಟಲು ಸರಿಮಾಡ್ಕೋತಾನೇ ಇದೀಯ?"

"ಸ್ಮೋಕು ಅಮ್ಮಾ. ಐ ಆಮ್ ಫೈನ್."

ಸ್ಮೋಕು ಅಲ್ಲವೇನೋ ಎಂಬ ಅನುಮಾನ ನನಗಿತ್ತು. ಹೇಳಿದರೆ ಶಾಲೆಗೆ ಬಿಡುವುದಿಲ್ಲ, ಮತ್ತೆ ಆ ಲ್ಯಾಪ್‌ಟಾಪು. ಅದಕ್ಕೇ ಹೇಳಲಿಲ್ಲ. ಹೊಗೆಗೆಂದು ಕಿಟಕಿಗಳನ್ನೆಲ್ಲ ಮುಚ್ಚಿದ ಆ ಮನೆಯಲ್ಲಿ ಅಮ್ಮ, ಅಜ್ಜಿಯ ಜೊತೆ ಎರಡು ದಿನ ಚೌಕಾಬಾರಾ ಆಡಿದೆ. ಆಟದ ನಡುವೆ ಅಮ್ಮನ ಹೊಟ್ಟೆಗೆ ಕಿವಿಯಿಟ್ಟು ಮಗು ಒದೆಯುವುದನ್ನು ಕೇಳಿದೆ.

ಅಜ್ಜಿಗೆ ಜ್ವರ ಬಂತು. ಸಕ್ಕರೆ ಕಾಯಿಲೆಯವಳು, ಅವಳ ಕಥೆ ಮುಗಿಯಿತೆಂದೇ ಅಂದುಕೊಂಡೆವು. ಮೂರನೇ ದಿನ ಎದ್ದು ಕೂತು, "ಯಾರರ ಒಂದೀಟು ಅಂಬಲಿ ಕುದಸ್ರಿ" ಎಂದಳು. ಅಪ್ಪನಿಗೆ ಮೂಗು ಕಟ್ಟಿತು, ಕಾಫಿ ವಾಸನೆ ಹೋಯಿತು, ಅಷ್ಟೆ. ಅಮ್ಮನ ಕೆಮ್ಮು ಮಾತ್ರ ನಿಲ್ಲಲಿಲ್ಲ. ಆರನೇ ದಿನ ಮಧ್ಯಾಹ್ನ ಅವಳಿಗೆ ಒಂದು ವಾಕ್ಯ ಮುಗಿಸಲಾಗಲಿಲ್ಲ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರು ಎಂಬತ್ತೆಂಟು ತೋರಿಸಿತು. ಅದು ಕೆಟ್ಟಿದೆಯೇನೋ ಎಂದು ಅಪ್ಪ ತನ್ನ ಬೆರಳಿಗೆ ಹಾಕಿ ನೋಡಿದ. ಕೆಟ್ಟಿರಲಿಲ್ಲ.

ಮುಖ, ಮೈಯೆಲ್ಲ ಮುಚ್ಚಿಕೊಂಡ ಮೂವರು ಆಂಬುಲೆನ್ಸಿನಿಂದ ಇಳಿದು ಬಂದರು. ಗಾಲಿಕುರ್ಚಿಯಲ್ಲಿ ಕೂತ ಅಮ್ಮ ಬಾಗಿಲಲ್ಲಿ ನನ್ನತ್ತ ತಿರುಗಿದಳು. "ಅಜ್ಜಿ ಈಗಷ್ಟೇ... ಎದ್ದಿದಾರೆ... ಹತ್ರ ಹೋಗ್ಬೇಡ ಚಿನ್ನು... ನಿಂಗಿನ್ನೂ ಕೆಮ್ಮಿದೆ."

ನಾಲ್ಕನೇ ದಿನ ಅವಳನ್ನು ಪ್ರಜ್ಞೆ ತಪ್ಪಿಸಿ ಮಲಗಿಸಿ ಉಸಿರಾಟದ ಯಂತ್ರಕ್ಕೆ ಹಾಕಿದರು. ಮಾರನೆಯ ಬೆಳಿಗ್ಗೆ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ತುಂಬಬೇಕಾದ ತಿಂಗಳು ಇನ್ನೂ ಎರಡಿದ್ದವು. ಫೋನು ಗುಂಯ್‌ಗುಟ್ಟಿದರೆ ಸಾಕು, ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ತಡೆಯಲಾರದೆ ಒಂದು ದಿನ ಅಜ್ಜಿಗೆ ಹೇಳಿಬಿಟ್ಟೆ. "ನನ್ನಿಂದಾನೇ ಬಂದಿದ್ದು ಅಜ್ಜಿ. ಎರಡು ದಿನ ಮುಚ್ಚಿಟ್ಟೆ."

ಅಜ್ಜಿ ನನ್ನತ್ತ ತಿರುಗಿದಳು. "ಮೊದಲ ಹೇಳಿದ್ರ ನಿನ್ನ ಬ್ಯಾರೆ ಖೋಲ್ಯಾಗ ಕುಂಡರಸ್ತಿದ್ವಿ. ಹೇಳಬೇಕಿತ್ತು ತಂಗಿ."

ಸುಳ್ಳು ಸಮಾಧಾನ ಹೇಳಲಿಲ್ಲ. ಆದರೆ ನನ್ನನ್ನು ಎಳೆದು ಮಡಿಲಿಗೆ ಹಾಕಿಕೊಂಡಳು.

ಐದು ವಾರಗಳ ಮೇಲೆ ಅಮ್ಮ ಮನೆಗೆ ಬಂದಳು. ಸೋಫಾದಿಂದ ಬಚ್ಚಲಿಗೆ ಹೋಗಲೂ ನನ್ನ ಹೆಗಲು ಹಿಡಿಯಬೇಕಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಬೆಳೆದ ತಮ್ಮ ಇನ್ನೂ ತಡವಾಗಿ ಬಂದ. ಡಾಕ್ಟರು ಹೂಂ ಎಂದ ದಿನವೇ ಅಮ್ಮ ಲಸಿಕೆ ಹಾಕಿಸಿಕೊಂಡಳು. ಮೆಟ್ಟಿಲು ಹತ್ತುವಾಗ ಈಗಲೂ ನಡುವೆ ನಿಲ್ಲುತ್ತಾಳೆ. ಅದಕ್ಕೆ ನಾವು ಒಗ್ಗಿಕೊಂಡಿದ್ದೇವೆ.

ತಮ್ಮನೀಗ ಕಿಂಡರ್‌ಗಾರ್ಟನ್ನಿಗೆ ಸೇರುವ ವಯಸ್ಸಿನವನು. ಮೊನ್ನೆ ಊಟದ ಟೇಬಲ್ಲಿನಲ್ಲಿ ಕೇಳಿದ: "ಅಮ್ಮಾ, ವೆನ್ ಐ ವಾಸ್ ಬಾರ್ನ್, ಡಿಡ್ ಐ ಕ್ರೈ?"

ಅಮ್ಮ ಅಪ್ಪನನ್ನು ನೋಡಿದಳು. ಅಪ್ಪ ತಟ್ಟೆ ನೋಡಿದ. ಆ ಬೆಳಿಗ್ಗೆ ಅಮ್ಮನಿಗೆ ಎಚ್ಚರವಿರಲಿಲ್ಲ. ಇನ್ನೂ ಸೋಂಕಿದ್ದ ಅಪ್ಪನನ್ನು ಒಳಗೆ ಬಿಡಲಿಲ್ಲ, ಅವನು ಆಸ್ಪತ್ರೆಯ ಹೊರಗೆ ಕಾರಿನಲ್ಲಿ ಕೂತಿದ್ದ. ತಮ್ಮನನ್ನು ಮೊದಲು ಎತ್ತಿಕೊಂಡ ನರ್ಸಿನ ಹೆಸರೂ ನಮಗೆ ಗೊತ್ತಿಲ್ಲ. ನಮ್ಮ ಮನೆಗೆ ಒಂದು ಮಗು ಹುಟ್ಟಿದ ಆ ಗಳಿಗೆಯ ನೆನಪು ನಮ್ಮಲ್ಲಿ ಒಬ್ಬರ ಬಳಿಯೂ ಇಲ್ಲ.

"ಅತ್ತಿರ್ತೀಯ ಕಂದಾ," ಎಂದಳು ಅಮ್ಮ, "ಅತ್ತೇ ಇರ್ತೀಯ."