ಎಡತೋಳಿನ ಶಂಖ

ಅಪ್ಪ ಗೋಪೀಚಂದನ ಹಚ್ಚಿಕೊಳ್ಳುವುದನ್ನು ನೋಡಿದರೆ ಅವರು ರೈಲ್ವೆ ಕಚೇರಿಯಲ್ಲಿ ಹೇಗೆ ಕೆಲಸ ಮಾಡಿರಬಹುದೆಂದು ಗೊತ್ತಾಗುತ್ತಿತ್ತು. ಸ್ನಾನ ಮಾಡಿ, ಮಡಿಪಂಚೆ ಉಟ್ಟು, ಅಳತೆಪಟ್ಟಿ ಇಟ್ಟು ಎಳೆದಂತೆ ನಾಮ ಎಳೆದುಕೊಂಡು, ಆಮೇಲೆ ಹಿತ್ತಾಳೆಯ ಮುದ್ರೆಗಳನ್ನು ಒತ್ತಿಕೊಳ್ಳುತ್ತಿದ್ದರು. ಬಲತೋಳಿಗೆ ಚಕ್ರ, ಎಡತೋಳಿಗೆ ಶಂಖ. ಮುದ್ರೆ ಕೂದಲೆಳೆಯಷ್ಟು ಓರೆಯಾದರೂ ಒರೆಸಿ ಮತ್ತೆ ಹಾಕಿಕೊಳ್ಳುವರು. ಅಮ್ಮ ಹೋದ ಮೇಲೆ ವಡಪಳನಿಯ ಆ ಎರಡು ಕೋಣೆಯ ಮನೆಯಲ್ಲಿ ಅವರು, ನಾನು ಇಬ್ಬರೇ. ಮದುವೆಯಾಗಲಿಲ್ಲ ನಾನು, ಅದರ ಕಥೆ ಇಲ್ಲಿ ಬೇಡ.

ಆ ಶನಿವಾರ ಬೆಳಿಗ್ಗೆ ಎಂಟೂವರೆಗೆ ಅಪ್ಪ ದೇವರ ಮುಂದೆ ಕೂರಲು ಹೊರಟಾಗ ನಾನು ಅಡುಗೆಮನೆ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದೆ. ಬಲತೋಳು, ಎದೆಯ ಬಲಭಾಗ, ಬಲಗೆನ್ನೆ ಎಲ್ಲ ಅಚ್ಚುಕಟ್ಟು. ಎಡಗಡೆ ಏನೂ ಇಲ್ಲ. ಸುಣ್ಣ ಹೊಡೆಯುವವನು ಅರ್ಧ ಗೋಡೆ ಮುಗಿಸಿ ಊಟಕ್ಕೆ ಎದ್ದುಹೋದ ಹಾಗೆ.

"ಏನಪ್ಪಾ, ಶಂಖಕ್ಕೆ ಇವತ್ತು ಲೀವಾ?" ಎಂದೆ.

ಅವರು ತೋಳನ್ನು ನೋಡಿಕೊಳ್ಳಲೂ ಇಲ್ಲ. "ಎಲ್ಲಾ ಹಾಕ್ಕೊಂಡಾಗಿದೆ. ದೂರ ನಿಲ್ಲೇ, ಮಡೀಲಿದೀನಿ" ಎಂದರು.

ನಾನು ನಕ್ಕೆ. ಎಂಬತ್ತರ ಹತ್ತಿರ ಬಂದವರು, ಮರೆತಿರಬೇಕು ಅಂದುಕೊಂಡೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನ್ನಿಸುತ್ತದೆ.

ಯಾಕೆಂದರೆ ನಾನು ಏನೂ ತಿಳಿಯದವಳಲ್ಲ. ನಮ್ಮ ಇನ್ಷೂರೆನ್ಸ್ ಆಫೀಸಿನಲ್ಲಿ, ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವವರಿಗೆಂದು ಒಂದು ದಿನದ ತರಬೇತಿ ಇಟ್ಟಿದ್ದರು. ಪಾರ್ಶ್ವವಾಯು ಬಡಿದರೆ ಮುಖ ನೋಡಿ, ಕೈ ಎತ್ತಿಸಿ, ಮಾತಾಡಿಸಿ, ಗಡಿಯಾರ ನೋಡಿ. ಶುರುವಾಗಿ ನಾಲ್ಕೂವರೆ ಗಂಟೆಯೊಳಗಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು, ತಡವಾಗಿ ಕೊಟ್ಟರೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣಕ್ಕೇ ಅಪಾಯ ಎಂದಿದ್ದರು. ಮುಂದಿನ ಸಾಲಿನಲ್ಲಿ ಕೂತು ಎಲ್ಲ ಪ್ರಶ್ನೆಗೂ ಕೈಯೆತ್ತಿದವಳು ನಾನೇ. ಅವರು ಕೊಟ್ಟ ಹಾಳೆ ನಮ್ಮ ಫ್ರಿಜ್ಜಿನ ಬಾಗಿಲ ಮೇಲೇ ಇತ್ತು. ಅಪ್ಪನ ಮುಖ ಸೊಟ್ಟಗಾಗಿರಲಿಲ್ಲ, ಮಾತು ತೊದಲುತ್ತಿರಲಿಲ್ಲ. ಅರ್ಧ ಮೈಗೆ ಮಾತ್ರ ಮುದ್ರೆ ಹಾಕಿಕೊಂಡರೆ ಏನರ್ಥ ಎಂದು ಆ ಹಾಳೆಯಲ್ಲಿ ಬರೆದಿರಲಿಲ್ಲ.

ಆದರೂ ಮನಸ್ಸಿಗೆ ಏನೋ ಚುಚ್ಚಿತು, ಇಲ್ಲವೆಂದರೆ ಸುಳ್ಳು. ಹೋಗಿ ಎರಡೂ ಕೈ ಹಿಡಿದು ಎತ್ತಿಸಿ ನೋಡೋಣವೆಂದು ಒಂದು ಹೆಜ್ಜೆ ಇಟ್ಟೆ ಕೂಡ. ಮುಟ್ಟಿದರೆ ಮಡಿ ಕೆಡುತ್ತದೆ. ಹಿಂದಿನ ತಿಂಗಳು ಎಡವಿದರೆಂದು ತೋಳು ಹಿಡಿದುಕೊಂಡದ್ದಕ್ಕೆ ತಣ್ಣೀರಲ್ಲಿ ಮತ್ತೆ ಸ್ನಾನ ಮಾಡಿ ನಾಲ್ಕು ದಿನ ಜ್ವರದಲ್ಲಿ ಮಲಗಿದ್ದರು. ಪೂಜೆ ಮುಗಿಯಲಿ, ಊಟವಾಗಲಿ, ಆಮೇಲೆ ನೋಡಿದರಾಯಿತೆಂದು ಕಾಫಿ ಕುಡಿದೆ.

ಹನ್ನೊಂದೂವರೆಗೆ ಎಲೆ ಹಾಕಿ ದೂರದಿಂದಲೇ ಬಡಿಸಿದೆ. ಅಪ್ಪ ಎರಡು ತುತ್ತು ತಿಂದು ಗದರಿದರು. "ಉಪ್ಪೆಲ್ಲೇ? ಎಲೆಗೆ ಉಪ್ಪು ಬಡಿಸ್ಬೇಕು ಅಂತ ನಿಮ್ಮಮ್ಮ ಹೇಳಿಕೊಡ್ಲಿಲ್ವಾ?"

ಉಪ್ಪು ಅದರ ಜಾಗದಲ್ಲೇ, ಎಲೆಯ ಎಡತುದಿಯಲ್ಲೇ ಇತ್ತು. "ಅಲ್ಲೇ ಇದ್ಯಲ್ಲಪ್ಪಾ, ಕಣ್ಣು ಕಾಣ್ಸಲ್ವಾ?"

"ಎಲ್ಲಿದೆ? ಇಲ್ಲ ಅಂದ್ರೆ ಇಲ್ಲ."

ನನಗೂ ಅವರದೇ ಮೂಗಿನ ತುದಿಯ ಕೋಪ. ಅಮ್ಮನ ಹೆಸರೆತ್ತಿದ್ದಕ್ಕೆ ಉರಿದುಹೋಗಿ, ಬಲಗಡೆಗೆ ಇನ್ನೊಂದು ಚಿಟಿಕೆ ಉಪ್ಪು ಕುಕ್ಕಿದಂತೆ ಹಾಕಿ ಒಳಗೆ ಹೋದೆ. ಮತ್ತೆ ಬಂದು ನೋಡಿದಾಗ ಬಲಗಡೆಯ ಅನ್ನ ಖಾಲಿ. ಎಡಗಡೆಯ ಪಲ್ಯ, ಕೋಸಂಬರಿ ಬಡಿಸಿದಲ್ಲೇ ಇದ್ದವು. ಆ ಹೊತ್ತಿಗಾದರೂ ಹೊರಟಿದ್ದರೆ ಸಮಯವಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನ ಪಾಲಿಗೆ ಅದು ಬರೀ ಗಾದೆಯಲ್ಲ.

ಹನ್ನೆರಡೂವರೆಗೆ ಕುರ್ಚಿಯಿಂದ ಏಳಹೋಗಿ ಎಡಕ್ಕೆ ಕುಸಿದರು. ಆಮೇಲೆ ನಾನು ಮಾಡಿದ್ದರಲ್ಲಿ ಯಾರೂ ಒಂದು ತಪ್ಪು ತೋರಿಸಲಾರರು. ಗಡಿಯಾರ ನೋಡಿದೆ, ಕೈ ಎತ್ತಿಸಿದೆ, ಎಡಗೈ ಏಳಲಿಲ್ಲ. ಆಂಬುಲೆನ್ಸ್ ಕರೆದೆ. ಬಾಯಿಗೆ ನೀರು ಹಾಕಲಿಲ್ಲ, ಮಗ್ಗುಲಿಗೆ ಮಲಗಿಸಿದೆ, ಮಾತ್ರೆಗಳ ಚೀಟಿ ತೆಗೆದುಕೊಂಡೆ. ಮುಟ್ಟಿದ್ದೂ ಆಯಿತು. ಅಪ್ಪ ಬೇಡವೆನ್ನಲಿಲ್ಲ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ತಮಿಳಿನಲ್ಲಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪಾ ಕಡೆಸಿಯಾ ಎಪ್ಪೊ ನಲ್ಲಾ ಇರುಂದಾರು?" ಕೊನೆಯ ಸಲ ಅವರು ಚೆನ್ನಾಗಿದ್ದದ್ದು ಯಾವಾಗ?

"ಹನ್ನೆರಡೂವರೆಗೆ ಬಿದ್ದರು" ಎಂದೆ ತಮಿಳಿನಲ್ಲೇ.

"ಅದುಕ್ಕು ಮುನ್ನಾಡಿ ಎಲ್ಲಾಂ ಸರಿಯಾ ಇರುಂದದಾ?" ಅದಕ್ಕೂ ಮೊದಲು ಎಲ್ಲ ಸರಿಯಾಗಿತ್ತಾ?

ಅಪ್ಪನ ಬಲತೋಳಿನಲ್ಲಿ ಚಕ್ರ ಒಣಗಿ ನಿಂತಿತ್ತು. ಎಡತೋಳು ಬರಿದಾಗಿತ್ತು. ಅದರರ್ಥ ಆ ಕೋಣೆಯಲ್ಲಿ ನನ್ನೊಬ್ಬಳಿಗೇ ಗೊತ್ತು. ಸರಿಯಾಗಿತ್ತು ಎಂದರೆ ಇಂಜೆಕ್ಷನ್ ಕೊಡುತ್ತಿದ್ದರು. ಅದು ಅಪ್ಪನನ್ನು ಎಬ್ಬಿಸಬಹುದಿತ್ತು, ಅಲ್ಲೇ ಕೊಲ್ಲಲೂಬಹುದಿತ್ತು. ಕೊನೆಗೆ ಹೇಳಿದೆ: ಎಂಟೂವರೆಗೇ ಸರಿಯಿರಲಿಲ್ಲ, ನಾನು ನೋಡಿದ್ದೆ.

ಆಕೆ ಗೋಡೆಯ ಗಡಿಯಾರ ನೋಡಿದಳು. ಒಂದೂಕಾಲು. ಸ್ಕ್ಯಾನ್ ಮಾಡಿಸಿ ಬಂದು, ಹೊತ್ತು ಮೀರಿದೆ, ಬಲ ಮೆದುಳಿನ ಬಹುಭಾಗಕ್ಕೆ ಪೆಟ್ಟಾಗಿಬಿಟ್ಟಿದೆ ಎಂದಳು. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಸ್ವಲ್ಪ ಹಗುರಾಗುತ್ತಿದ್ದೆನೇನೋ.

ಎಂಟು ತಿಂಗಳಾಯಿತು. ಅಪ್ಪ ಮಂಚ ಹಿಡಿದಿದ್ದಾರೆ. ಅವರ ಪಾಲಿಗೆ ಎಡಗಡೆ ಎಂಬುದೇ ಇಲ್ಲ; ಎಡಗೈ ಅವರದಲ್ಲ, ಎಡಗಡೆಯ ಗೋಡೆ, ಕಿಟಕಿ ಯಾವುದೂ ಇಲ್ಲ. ಎಡಗಡೆಯೇ ಕೂತು ಮಾತಾಡಿಸುತ್ತಿರಿ, ಒಂದಲ್ಲ ಒಂದು ದಿನ ತಿರುಗಬಹುದು ಎಂದಿದ್ದಾರೆ, ವ್ಯಾಯಾಮ ಮಾಡಿಸಲು ಬರುವವರು. ಅಪ್ಪ ತಿರುಗುತ್ತಾರೆಂಬ ನಂಬಿಕೆ ನನಗೆ ಉಳಿದಿಲ್ಲ. ಆದರೂ ದಿನಾ ಕೂರುತ್ತೇನೆ. ಮೈ ಒರೆಸಿ, ಗೋಪೀಚಂದನ ತೇಯ್ದು, ಶಂಖವನ್ನು ನಾನೇ ಒತ್ತುತ್ತೇನೆ. ನನ್ನ ಕೈಗೆ ಅವರ ಅಳತೆ ಬರುವುದಿಲ್ಲ, ಓರೆಯಾಗುತ್ತದೆ. ಒರೆಸಿ ಮತ್ತೆ ಹಾಕುತ್ತೇನೆ.

ಇವತ್ತು ಬೆಳಿಗ್ಗೆಯೂ ಆ ತೋಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅಪ್ಪ ಬಲಗಡೆಯ ಬಾಗಿಲನ್ನೇ ನೋಡುತ್ತ, ಅಲ್ಲಿ ಇಲ್ಲದ ಯಾರಿಗೋ ಹೇಳಿದರು:

"ಎಷ್ಟೊತ್ತಿಂದ ಕರೀತಿದೀನಿ, ನನ್ ಮಗಳು ಬರ್ತಾನೇ ಇಲ್ಲ. ಮಡಿ ಅಂತ ದೂರ ನಿಂತಿದಾಳೋ ಏನೋ. ಮಡಿ ಇಲ್ಲ, ಏನೂ ಇಲ್ಲ, ಬಂದು ಮುಟ್ಟು ಅಂತ ಹೇಳಿ ಅವಳಿಗೆ."

"ಇಲ್ಲೇ ಇದೀನಪ್ಪಾ" ಎಂದು ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದೆ.

ಅಪ್ಪ ಬಾಗಿಲ ಕಡೆಯೇ ಹುಡುಕುತ್ತಿದ್ದರು.