ಐದು ಗಂಟೆಗೆ ಏಳುತ್ತಿದ್ದ ಪೆಟ್ಟಿಗೆ

ಮಸ್ತಾನ್ ಚಾಚಾ, ಆ ಪಾಸ್‌ವರ್ಡ್ ಬದಲಾಯಿಸಿದವಳು ನಾನು. ಮಾವ ಅಲ್ಲ. ಪಾಸ್‌ವರ್ಡ್ ಎಲ್ಲಿರುತ್ತದೆ ಎಂಬುದೂ ಅವರಿಗೆ ಗೊತ್ತಿಲ್ಲ. ನಿಮ್ಮ ಫೋನಿನಲ್ಲಿ ದಿನವೂ ‘ನಿಮಗೆ ಅನುಮತಿ ಇಲ್ಲ’ ಎಂದು ಬರುತ್ತಿತ್ತಲ್ಲ — ಆ ಮೂರು ಪದಗಳನ್ನು ಬರೆದವಳೂ ನಾನೇ. ಒಂದು ವರ್ಷದಿಂದ ನೀವು ಮಾವನ ಮೇಲೆ ಇಟ್ಟುಕೊಂಡಿರುವ ಸಿಟ್ಟು ನನಗೆ ಸೇರಬೇಕಾದದ್ದು.

ಇದನ್ನು ಬರೆಯಲು ಕೂತು ಮೂರು ಹಾಳೆ ಹರಿದೆ. ಏನು ಮಾಡಿದೆ ಎಂಬುದು ಸ್ಪಷ್ಟವಾಗಿದೆ. ಯಾಕೆ ಮಾಡಿದೆ ಎಂಬಲ್ಲಿಗೆ ಬಂದರೆ ಪೆನ್ನು ನಿಲ್ಲುತ್ತದೆ. ಕರೆಂಟ್ ಉಳಿಸಲು — ಎಂದು ಬರೆಯುತ್ತೇನೆ. ಅದು ಸುಳ್ಳಲ್ಲ. ಆದರೆ ಮತ್ತೆ ಓದಿದರೆ ಸುಳ್ಳಿನ ಹಾಗೆಯೇ ಕಾಣುತ್ತದೆ. ಅದಕ್ಕೇ ನಡೆದದ್ದನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಬೇಸರಿಸಬೇಡಿ.

ನೀವೂ ಮಾವನೂ ಮುಳಬಾಗಿಲಿನಲ್ಲಿ ಮೂವತ್ತು ವರ್ಷ ಮೈಕ್‌ಸೆಟ್ ಅಂಗಡಿ ನಡೆಸಿದವರು. ನಂಗಲಿ, ಬೈರಕೂರು, ಗಡಿಯಾಚೆಯ ಹಳ್ಳಿಗಳು — ಮದುವೆ, ಉರುಸು, ಹರಿಕಥೆ, ಬುರ್ರಕಥೆ, ಎಲ್ಲಿ ಏನು ನಡೆದರೂ ನಿಮ್ಮ ಹಾರ್ನ್ ಕಟ್ಟಿರುತ್ತಿತ್ತು. ಹಾರ್ನ್ ಕಟ್ಟಿ ಸುಮ್ಮನೆ ಕೂರದೆ, ಒಂದು ಟೇಪ್‌ರೆಕಾರ್ಡರನ್ನೂ ಸಿಕ್ಕಿಸಿ ಎಲ್ಲವನ್ನೂ ಕ್ಯಾಸೆಟ್ಟಿಗೆ ಇಳಿಸಿಕೊಂಡಿರಿ. ಅಂಗಡಿ ಮುಚ್ಚಿದ ಮೇಲೆ ಆ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹಾಕಿದ್ದು ನಾವು ಮೂವರು. ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವ ಸೊಸೆ ಮನೆಯಲ್ಲೇ ಇದ್ದಾಳಲ್ಲ ಎಂದು ನನ್ನನ್ನೂ ಸೇರಿಸಿಕೊಂಡಿರಿ. ಹಾಲ್‌ನ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್, ಅದಕ್ಕೆ ಸರ್ವರ್ ಎಂಬ ದೊಡ್ಡ ಹೆಸರು. ಅದರೊಳಗಿನ ಹಾಡನ್ನು ಮನೆಯಲ್ಲೋ ಬೇರೆ ಊರಿನಲ್ಲೋ ಕೂತು ಫೋನಿನಲ್ಲಿ ಕೇಳಬಹುದು. ಮಾವ ಮಾತ್ರ ಅದನ್ನು ‘ಪೆಟ್ಟಿಗೆ’ ಎಂದೇ ಕರೆದರು.

ಹಗಲೂ ರಾತ್ರಿ ಉರಿಯುವ ಆ ಪೆಟ್ಟಿಗೆಯನ್ನು ಕಂಡರೆ ನನಗೆ ಹೊಟ್ಟೆಯುರಿ. ನನ್ನ ಗುಣ ನಿಮಗೆ ಗೊತ್ತು. ಊಟದ ನಡುವೆ ನೀವು ನೀರಿಗೆ ಎದ್ದರೂ ಹಿಂದೆಯೇ ಬಂದು ಫ್ಯಾನ್ ಆರಿಸುವವಳು ಎಂದು ರೇಗಿಸುತ್ತಿದ್ದಿರಿ. ಕೇಳುವವರು ಇಲ್ಲದಾಗ ಅದು ಯಾಕೆ ಎಚ್ಚರವಿರಬೇಕು? ಮಲಗಿಸುವ ಏರ್ಪಾಡು ಮಾಡಿದೆ. ಇಪ್ಪತ್ತು ನಿಮಿಷ ಯಾರೂ ಏನೂ ಹಾಕದಿದ್ದರೆ ಪೆಟ್ಟಿಗೆ ತಾನೇ ನಿದ್ದೆಗೆ ಹೋಗುತ್ತದೆ, ಅದರ ಹಸಿರು ದೀಪ ಕಿತ್ತಳೆಗೆ ತಿರುಗುತ್ತದೆ. ಬೇಕಾದವರು ಎಲ್ಲಿಂದಲಾದರೂ ಫೋನಿನಲ್ಲಿ ‘ಏಳು’ ಎಂಬ ಗುಂಡಿ ಒತ್ತಿದರೆ ಎದ್ದು ಕೂರುತ್ತದೆ. ಆ ಗುಂಡಿಯ ಪುಟವನ್ನು ನಿಮ್ಮಿಬ್ಬರಿಗೆ ಸುಲಭವಾಗಲಿ ಎಂದು ಕನ್ನಡದಲ್ಲೇ ಮಾಡಿದೆ. ನಾಲ್ಕು ಫೋನುಗಳಿಗೆ ಪಾಸ್‌ವರ್ಡ್ ಹಾಕಿಕೊಟ್ಟೆ — ನನ್ನದು, ನಮ್ಮ ಮನೆಯವರದು, ಮಾವನದು, ನಿಮ್ಮದು. ಮೊದಲ ಸಲ ಅದನ್ನು ಎಬ್ಬಿಸಿದವರು ನೀವು, ಹೊರಗೆ ರಸ್ತೆಯಲ್ಲಿ ನಿಂತು. ಒಳಗೆ ದೀಪ ಹಸಿರಾದದ್ದನ್ನು ಕಂಡು ಮಾವ ಚಿಕ್ಕ ಹುಡುಗನ ಹಾಗೆ ಚಪ್ಪಾಳೆ ತಟ್ಟಿದರು.

ಆಮೇಲೆ ಆ ಜಗಳ. ಪ್ರತಿ ಕ್ಯಾಸೆಟ್ಟಿನ ಮೊದಲಿಗೂ ನಿಮ್ಮ ದನಿ ಇತ್ತು — ಯಾವ ಊರು, ಯಾವ ತಿಂಗಳು, ಯಾರ ಮನೆಯ ಕಾರ್ಯ, ನಡುವೆ ಒಂದು ಕೆಮ್ಮು. ಅದನ್ನು ಕತ್ತರಿಸಿಬಿಡು ಎಂದು ಮಾವ ನನಗೆ ಹೇಳಿದರು.

“ಹಾಡು ಕೇಳೋಕೆ ಬರೋರಿಗೆ ನಿನ್ ಕೆಮ್ಮು ಯಾಕೋ ಮಸ್ತಾನ್?”

ತಮಾಷೆಗೇ ಅಂದದ್ದು. ನೀವು ನಗಲಿಲ್ಲ. “ಮೂವತ್ತು ವರ್ಷ ಆ ಮೈಕ್ ಮುಂದೆ ನಿಂತವ್ನು ನಾನು ಕಣೋ. ನನ್ನೇ ಕತ್ತರಿಸಾಕ್ತೀಯಾ?” ಎಂದಿರಿ. ಮಾತಿಗೆ ಮಾತು ಬೆಳೆಯಿತು. ವಾರದೊಳಗೆ ಕ್ಯಾಸೆಟ್ಟುಗಳಲ್ಲಿ ನಿಮ್ಮ ಅರ್ಧ ಪಾಲು ತೆಗೆದುಕೊಂಡು ರಾಯಲ್ಪಾಡಿಗೆ, ಮಗಳ ಮನೆಗೆ ಹೊರಟುಹೋದಿರಿ. ಕತ್ತರಿಸುವ ಕೆಲಸ ಶುರುವಾಗಲೇ ಇಲ್ಲ. ಇಬ್ಬರಲ್ಲಿ ಒಬ್ಬರೂ ಫೋನ್ ಮಾಡಲಿಲ್ಲ.

ನೀವು ಹೋಗಿ ಎರಡು ತಿಂಗಳಾಗಿರಬೇಕು. ಸಂಜೆ ಐದರ ಸುಮಾರಿಗೆ ಪೆಟ್ಟಿಗೆ ತಾನಾಗಿ ಏಳತೊಡಗಿತು. ನಾನು ಶಾಲೆಯಿಂದ ಬರುವ ಹೊತ್ತಿಗೆ ದೀಪ ಹಸಿರಾಗಿರುತ್ತಿತ್ತು. ಮಾವ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಫೋನಿನಲ್ಲಿ ಯಾವುದೋ ಹಳೆಯ ಹರಿಕಥೆ ಹಾಕಿಕೊಂಡಿರುತ್ತಿದ್ದರು. ನೀವು ಎಬ್ಬಿಸಿದ್ರಾ ಎಂದು ಕೇಳಿದರೆ “ಇಲ್ಲಮ್ಮಾ, ಅದೇ ಎದ್ದಿತ್ತು” ಎನ್ನುತ್ತಿದ್ದರು. ಇಂಥ ಯಂತ್ರಗಳು ಎಲ್ಲೋ ಏನೋ ಅಲುಗಾಡಿದರೂ ಸುಮ್ಮಸುಮ್ಮನೆ ಎದ್ದುಬಿಡುವುದುಂಟು. ಇದೂ ಹಾಗೇ ಎಂದುಕೊಂಡೆ. ಅಥವಾ ಹೊರಗಿನವರು ಯಾರೋ ನುಗ್ಗುತ್ತಿರಬಹುದು ಎಂದುಕೊಂಡೆ. ಪ್ಲಗ್ಗಿನಲ್ಲಿ ಸಿಕ್ಕಿಸಿದ್ದ ಸಣ್ಣ ಮೀಟರು ದಿನವೂ ಏರುತ್ತಿತ್ತು, ನಾನು ಕಷ್ಟಪಟ್ಟು ಮಾಡಿದ ಉಳಿತಾಯ ಸೋರಿಹೋಗುತ್ತಿದೆ ಎಂಬ ಕಿರಿಕಿರಿ ಬೇರೆ. ಒಂದು ಭಾನುವಾರ ಪಾಸ್‌ವರ್ಡ್ ಬದಲಾಯಿಸಿ, ಹೊಸದನ್ನು ಮೂರು ಫೋನುಗಳಿಗೆ ಹಾಕಿದೆ.

ಮೂರು. ನಾಲ್ಕನೆಯದು ನನಗೆ ನೆನಪಾಗಲಿಲ್ಲವೇ? ಇಲ್ಲ ಎಂದು ಎದೆ ತಟ್ಟಿ ಹೇಳಬೇಕೆಂದಿದ್ದೇನೆ, ಆಗುತ್ತಿಲ್ಲ. ನೆನಪಾಗಿರಲಿಲ್ಲ ಎಂದೇ ಅನ್ನಿಸುತ್ತದೆ. ಮೂರನೆಯ ಫೋನ್ ಕೆಳಗಿಟ್ಟಾಗ ಇನ್ನೂ ಏನೋ ಬಾಕಿ ಇದೆ ಎಂದು ಅರೆಗಳಿಗೆ ಕೂತಿದ್ದೂ ನೆನಪಿದೆ. ಇವೆರಡರಲ್ಲಿ ಯಾವುದನ್ನು ನಂಬಲಿ? ಅವತ್ತಿನ ನನ್ನನ್ನೇ ಕರೆದು ಕೇಳೋಣವೆಂದರೆ ಅವಳೂ ಗೊತ್ತಿಲ್ಲ ಎಂದೇ ಹೇಳುತ್ತಾಳೆ.

ಅಲ್ಲಿಗೇ ನಿಂತಿದ್ದರೆ ಇದನ್ನು ಮರೆವು ಎನ್ನಬಹುದಿತ್ತು. ಹತ್ತು ದಿನ ಬಿಟ್ಟು ಗುಂಡಿಯ ಪುಟದ ದಾಖಲೆ ತೆರೆದು ನೋಡಿದೆ. ಯಾರಾದರೂ ಗುಂಡಿ ಒತ್ತಿದರೆ ಅಲ್ಲೊಂದು ಸಾಲು ಮೂಡುತ್ತದೆ. ಹೆಸರಿರುವುದಿಲ್ಲ, ಒತ್ತಿದ ಹೊತ್ತು ಇರುತ್ತದೆ. ದಿನಕ್ಕೊಂದು ಸಾಲು. ನಿರಾಕರಿಸಲಾಗಿದೆ, ನಿರಾಕರಿಸಲಾಗಿದೆ, ನಿರಾಕರಿಸಲಾಗಿದೆ. ಹೊತ್ತು ಮಾತ್ರ ಒಂದೇ ಇರಲಿಲ್ಲ, ನಿಮಿಷ ನಿಮಿಷವಾಗಿ ಒಂದೇ ದಿಕ್ಕಿಗೆ ಜರುಗುತ್ತಿತ್ತು. ಕೆಟ್ಟ ಯಂತ್ರ ಹಾಗೆ ಜರುಗುವುದಿಲ್ಲ. ನೀವು ನಮ್ಮ ಮನೆಯಲ್ಲಿ ಕೆಲಸಕ್ಕೆ ಕೂತಿದ್ದಾಗ, ಸೂರ್ಯನ ಜೊತೆ ಹೊತ್ತು ಜರುಗುವ ಸಂಜೆಯ ಅಸರ್ ನಮಾಜಿಗೆ ಎದ್ದು ಹೋಗುತ್ತಿದ್ದಿರಿ, ಮುಗಿಸಿ ಬಂದು “ಹಾಕಮ್ಮಾ ಒಂದು” ಎನ್ನುತ್ತಿದ್ದಿರಿ. ಮರುದಿನ ನಮ್ಮ ಬೀದಿಯ ಮಸೀದಿಯಲ್ಲಿ ಅಜಾನ್ ಆಗುವುದನ್ನೇ ಕಾದು, ಪುಟ ತೆರೆದು ಕೂತೆ. ಅರ್ಧ ಗಂಟೆಗೆ ಸರಿಯಾಗಿ, ನಾನು ನೋಡುತ್ತಿರುವಾಗಲೇ, ಹೊಸ ಸಾಲು ಬಂತು.

ನೀವೇ ಎಂದು ಆಗ ಗೊತ್ತಾಯಿತು ಚಾಚಾ. ಹನ್ನೊಂದನೆಯ ದಿನ. ಅಲ್ಲಿಂದಾಚೆಗೆ ಮರೆವು ಎನ್ನುವ ಹಾಗಿಲ್ಲ. ಒಂದು ಮೆಸೇಜು ಹಾಕಿದ್ದರೆ ಮುಗಿಯುತ್ತಿತ್ತು. ನಿಮ್ಮ ನಂಬರ್ ತೆಗೆದೆ ಕೂಡ. ಸಂಜೆ ಕೆಲಸ ಇತ್ತು, ನಾಳೆ ಹಾಕೋಣ ಎಂದು —

ಇಲ್ಲ. ಕೆಲಸ ಇರಲಿಲ್ಲ. ಮಾವ ಟೀ ಕುಡಿಯಲು ಬಂದರು.

ಇದನ್ನು ಹೇಗೆ ಹೇಳಬೇಕೋ ತಿಳಿಯದು. ನಾನು ಈ ಮನೆಗೆ ಬಂದು ಹನ್ನೊಂದು ವರ್ಷ. ಅಷ್ಟು ವರ್ಷದಲ್ಲಿ, ಕ್ಯಾಸೆಟ್ಟಿನ ಕೆಲಸದ ಮಾತು ಬಿಟ್ಟರೆ, ಮಾವ ನನ್ನೊಂದಿಗೆ ಆಡಿದ್ದು ಊಟ ಆಯ್ತೇನಮ್ಮಾ, ಬಾಗಿಲು ಹಾಕ್ಕೊಳಮ್ಮಾ, ಇಷ್ಟೇ. ಕೆಟ್ಟವರಲ್ಲ, ಅವರ ಮಾತೆಲ್ಲ ನಿಮ್ಮೊಂದಿಗೇ ಖರ್ಚಾಗಿ ಮನೆಗೆ ಏನೂ ಉಳಿಯುತ್ತಿರಲಿಲ್ಲ. ಅತ್ತೆ ಹೋಗಿಬಿಟ್ಟಿದ್ದರು, ನಮ್ಮವರು ಕೋಲಾರದಿಂದ ಬರುವುದು ಎಂಟಕ್ಕೆ. ಪೆಟ್ಟಿಗೆ ಏಳುವುದು ನಿಂತ ಮೇಲೆ ಮಾವ ಐದು ಗಂಟೆಗೆ ಹಾಲ್‌ನಲ್ಲಿ ಚಡಪಡಿಸುವರು, ದೀಪ ನೋಡುವರು, ಬಾಗಿಲಿಗೆ ಹೋಗಿ ಬರುವರು. ಕೊನೆಗೆ ಅಡುಗೆಮನೆಯ ಸ್ಟೂಲಿನ ಮೇಲೆ ಬಂದು ಕೂತು ಟೀ ಕೇಳಿದರು. ಬೈರಕೂರಿನ ಮದುವೆಯಲ್ಲಿ ಆಂಪ್ಲಿಫೈಯರಿನಿಂದ ಹೊಗೆ ಬಂದು, ಹೆಣ್ಣಿನ ತಂದೆ ಒಂದು ಕೊಡ ನೀರು ತಂದು ಅದರ ಮೇಲೇ ಸುರಿದ ಕಥೆ ಹೇಳಿದರು. ನಾನು ನಕ್ಕು ನಕ್ಕು ಸೌಟು ಕೈಬಿಟ್ಟೆ. ಮರುದಿನ ನನ್ನ ಶಾಲೆಯ ವಿಷಯ ಕೇಳಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಸಂಜೆಯಾಗುವುದನ್ನೇ ನಾನು ಕಾಯತೊಡಗಿದೆ. ಅವರ ಕಥೆಗಳಲ್ಲೆಲ್ಲ ನೀವೇ ತುಂಬಿದ್ದಿರಿ, ನನಗೆ ಅದೂ ಕಾಣಲಿಲ್ಲ.

ಅಂದರೆ ಅದಕ್ಕಾಗಿಯೇ ಸುಮ್ಮನಿದ್ದೆನೇ? ಒಂದು ಲೋಟ ಟೀಗೆ, ನಾಲ್ಕು ಮಾತಿಗೆ? ಬರೆದು ನೋಡಿದರೆ ಎಷ್ಟು ಸಣ್ಣದು. ಒಮ್ಮೊಮ್ಮೆ, ಹೇಳಿದರೆ ಬೈಗುಳ ಬೀಳುತ್ತದೆಂಬ ಭಯವೇ ಇತ್ತೇನೋ ಅನ್ನಿಸುತ್ತದೆ. ಒಮ್ಮೊಮ್ಮೆ, ನಿಜಕ್ಕೂ ಆ ಮೀಟರೇ ಕಾರಣವಿರಬಹುದು ಅನ್ನಿಸುತ್ತದೆ. ಎಲ್ಲವೂ ಸೇರಿಕೊಂಡಿತ್ತೋ ಏನೋ. ಎಷ್ಟು ಹುಡುಕಿದರೂ ಕೈಗೆ ಒಂದೇ ಒಂದು ಕಾರಣ ಸಿಗುತ್ತಿಲ್ಲ.

ಒಂದು ಸಂಜೆ ಮಾವ ಲೋಟ ಹಿಡಿದುಕೊಂಡೇ ಕೇಳಿದರು.

“ಪೆಟ್ಟಿಗೆ ಏನಾದ್ರೂ ಕೆಟ್ಟೋಗಿದೆಯೇನಮ್ಮಾ?”

“ಇಲ್ಲ ಮಾವ, ಚೆನ್ನಾಗೇ ಇದೆ.”

ಈ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಆದರೂ ನಾನು ಜೀವನದಲ್ಲಿ ಆಡಿದ ಅತ್ಯಂತ ಕೆಟ್ಟ ಮಾತು ಇದೇ. ಯಂತ್ರ ಚೆನ್ನಾಗಿದೆ ಎಂದರೆ, ಎಬ್ಬಿಸುತ್ತಿದ್ದ ಮನುಷ್ಯ ಎಬ್ಬಿಸುವುದನ್ನು ಬಿಟ್ಟಿದ್ದಾನೆ ಎಂದೇ ಅರ್ಥ. ಮಾವ ತಲೆಯಾಡಿಸಿ ಟೀ ಮುಗಿಸಿದರು.

ನಲವತ್ತೊಂದು ದಿನ ಒತ್ತಿ ನೀವು ನಿಲ್ಲಿಸಿದಿರಿ. ನಲವತ್ತೆರಡನೆಯ ದಿನ ಆ ಪುಟ ಖಾಲಿ ಇದ್ದದ್ದನ್ನು ಕಂಡು ನನಗೆ ಹಗುರವಾಯಿತು ಎನ್ನಲು ನಾಚಿಕೆಯಾಗುತ್ತದೆ, ಆದರೆ ಹಗುರವಾಯಿತು. ಮುಂದಿನ ವಾರ ನಿಮ್ಮ ಕಡೆಯಿಂದ ಬರುವ ಶ್ರೀನಿವಾಸಪುರದ ಬಸ್ಸಿನ ಕಂಡಕ್ಟರ್ ಎರಡು ಅಕ್ಕಿ ಚೀಲ ತಂದು ಬಾಗಿಲಲ್ಲಿ ಇಳಿಸಿದ. ನಿಮ್ಮ ಪಾಲಿನ ಕ್ಯಾಸೆಟ್ಟುಗಳು. ಚೀಟಿ ಇರಲಿಲ್ಲ. ನೀವು ಏನೆಂದುಕೊಂಡು ಕಳಿಸಿದಿರಿ ಎಂಬುದು ನನಗೆ ತಕ್ಷಣ ಗೊತ್ತಾಯಿತು: ಅನುಮತಿಯೇ ಇಲ್ಲದ ಮೇಲೆ ಇವೇಕೆ. ಮಾವ ಏನೆಂದುಕೊಂಡರು ಎಂಬುದೂ ಗೊತ್ತಾಯಿತು. ಚೀಲದ ಬಾಯಿ ಬಿಚ್ಚಿ ನೋಡಿ, ಹಾಗೇ ಮತ್ತೆ ಕಟ್ಟಿದರು.

“ಅಯಿಪೋಯಿಂದಿ. ಮುಗೀತು ಬಿಡಮ್ಮಾ. ದಿನಾ ಸಂಜೆ ಅಲ್ಲಿಂದ ಎಬ್ಬಿಸ್ತಿದ್ದ. ಅವ್ನು ಏನ್ ಹಾಕ್ತಾನೆ ಅಂತ ಫೋನಲ್ಲಿ ತೋರಿಸ್ತಿತ್ತು. ಅದನ್ನೇ ನಾನೂ ಹಾಕ್ಕೊಂಡು ಕೂತ್ಕೊತಿದ್ದೆ. ಎಬ್ಬಿಸೋದು ಬಿಟ್ಟಾಗ್ಲೇ ಅನ್ಕೊಂಡೆ.”

ಆಮೇಲೆ ಪೆಟ್ಟಿಗೆಯ ಕಡೆ ಕೈ ತೋರಿಸಿದರು. “ಆ ಪ್ಲಗ್ ಕಿತ್ತಾಕು. ನೀನು ಹೇಳ್ತಿದ್ದೆಯಲ್ಲ, ಕರೆಂಟ್ ಉಳೀತದೆ.”

ಆಗಲಾದರೂ ಬಾಯಿ ಬಿಡಬೇಕಿತ್ತು. ನಾನು ಬಗ್ಗಿ ಪ್ಲಗ್ ಕಿತ್ತೆ.

ಅದಾದ ಮೇಲೂ ಮಾವ ಟೀಗೆ ಬರುತ್ತಿದ್ದರು, ಕಥೆಗಳು ಮಾತ್ರ ಬರಲಿಲ್ಲ. ಶುರು ಮಾಡುವರು, ನಿಮ್ಮ ಹೆಸರು ಬರುವ ಜಾಗಕ್ಕೆ ಬಂದು ನಿಲ್ಲುವರು, ಮಳೆಯ ಮಾತೋ ಟೊಮೆಟೊ ಮಾತೋ ಎತ್ತುವರು. ಹೀಗೆ ತಿಂಗಳುಗಳೇ ಕಳೆದವು. ಹೋದ ವಾರ ಅದೇ ಬೈರಕೂರಿನ ಮದುವೆಯ ಕಥೆ ಎತ್ತಿ, ಹೊಗೆ ಬರುವಲ್ಲಿಗೆ ಬಂದು ಸುಮ್ಮನಾದರು, ಲೋಟ ಕೆಳಗಿಟ್ಟು ಗೋಡೆ ನೋಡುತ್ತ ಕೂತರು. ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. “ಎಷ್ಟ್ ದಿನ ಒತ್ತಿದ?” ಎಂದು ಕೇಳಿದರು. ನಲವತ್ತೊಂದು ಎಂದೆ.

“ನಾನಾಗಿದ್ರೆ ನಾಕ್ ದಿನಕ್ಕೇ ಬಿಟ್ಬಿಡ್ತಿದ್ದೆ ಕಣಮ್ಮಾ” ಎಂದರು. ಎದ್ದು ಹೋದರು.

ಅವತ್ತಿನಿಂದ ಅವರು ಅಡುಗೆಮನೆಗೆ ಬಂದಿಲ್ಲ. ನಿಮಗೆ ಫೋನ್ ಮಾಡಿ ಎಂದರೆ “ಯಾವ ಮುಖ ಇಟ್ಕೊಂಡು?” ಎನ್ನುತ್ತಾರೆ. ತಪ್ಪು ನನ್ನದು, ನಾಚಿಕೆ ಅವರಿಗೆ. ಅದನ್ನು ಅವರ ಮೇಲಿಂದ ಇಳಿಸುವುದು ಹೇಗೆಂದು ತಿಳಿಯದೆ ಇದನ್ನು ಬರೆಯಲು ಕೂತೆ.

ಪೆಟ್ಟಿಗೆಗೆ ಮತ್ತೆ ಕರೆಂಟ್ ಕೊಟ್ಟಿದ್ದೇನೆ, ಹಳೆಯ ಪಾಸ್‌ವರ್ಡನ್ನೇ ಹಾಕಿದ್ದೇನೆ. ನೀವು ಒತ್ತಲೇಬೇಕೆಂದು ಹೇಳುವ ಯೋಗ್ಯತೆ ನನಗಿಲ್ಲ. ಭಾನುವಾರ ಈ ಕಾಗದವನ್ನು ನಾನೇ ರಾಯಲ್ಪಾಡಿಗೆ ತರುತ್ತೇನೆ. ನೀವು ಓದಿ ಮುಗಿಸುವವರೆಗೂ ಎದುರಿಗೆ ನಿಂತಿರುತ್ತೇನೆ. ನಿಮ್ಮ ಮಗಳ ಮುಂದೆ ಬೈದರೂ ಕೇಳಿಕೊಂಡು ಬರುತ್ತೇನೆ. ಕ್ಷಮಿಸಿ ಎಂದು ಕೇಳಲು ಬರುತ್ತಿಲ್ಲ. ಒಂದು ವಿಷಯ ನಿಮಗೆ ಗೊತ್ತಿರಬೇಕು, ಅಷ್ಟೇ. ನೀವು ಬಾಗಿಲು ತಟ್ಟಿದ ಆ ನಲವತ್ತೊಂದು ಸಂಜೆಯೂ ಮಾವ ಒಳಗೇ ಇದ್ದರು, ನಿಮ್ಮನ್ನೇ ಕಾಯುತ್ತಿದ್ದರು. ತಟ್ಟಿದ್ದು ಕೇಳಿಸಿದ್ದು ನನಗೊಬ್ಬಳಿಗೆ. ನಾನು ಅವರಿಗೆ ಇನ್ನೊಂದು ಲೋಟ ಟೀ ಬಗ್ಗಿಸಿಕೊಟ್ಟೆ.